ಒಂದೇ ಪಾತ್ರ, ನಾಲ್ಕು ಎಡಿಟರ್: ನಮ್ಮ ಆ್ಯಪ್‌ನಲ್ಲಿ 5 ಸೆಂಟ್ ಮಳೆ ಅರ್ಧ ಇಂಚಾಗಿದ್ದು ಹೇಗೆ

ಗೋಣಿಕೊಪ್ಪ_ಟರ್ಮಿನಲ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ. ಎಐ ಏಜೆಂಟ್ (ನಾವು ಹೇಳಿದ ಕೆಲಸಕ್ಕೆ ತಾನೇ ಫೈಲ್ ಓದಿ, ತಿದ್ದುವ ಎಐ) ಬಳಸಿ ಕೋಡ್ ಬರೆಯುವವರು, ಅದರಲ್ಲೂ ತಂಡದಲ್ಲಿ ಒಬ್ಬೊಬ್ಬರು ಒಂದೊಂದು ಎಡಿಟರ್ (ಕೋಡ್ ಬರೆಯುವ ಸಾಫ್ಟ್‌ವೇರ್) ಹಿಡಿದಿರುವವರು, ದಯವಿಟ್ಟು ಪೂರ್ತಿ ಓದಿ.

ನಾವು ನಾಲ್ಕು ಜನ ಸೇರಿ ಕಾಫಿ ಬೆಳೆಗಾರರಿಗೆ ಒಂದು ಚಿಕ್ಕ ಆ್ಯಪ್ ಮಾಡುತ್ತಿದ್ದೇವೆ. ಮಳೆ ಲೆಕ್ಕ, ಕೊಯ್ಲಿನ ತೂಕ, ಕಣದಲ್ಲಿ ಒಣಗಿದ ಚೆರಿ ಎಷ್ಟು ಮೂಟೆ, ಇಷ್ಟೇ. ನಾನು ಕರ್ಸರ್ ಬಳಸುತ್ತೇನೆ. ಕುಶಾಲನಗರದವರು ವಿಎಸ್ ಕೋಡ್‌ನಲ್ಲಿ ಕೋಪೈಲಟ್. ಸೋಮವಾರಪೇಟೆಯವರು ಝೆಡ್. ವಿರಾಜಪೇಟೆಯ ಗೆಳತಿ ಟರ್ಮಿನಲ್‌ನಲ್ಲೇ ಕ್ಲಾಡ್ ಕೋಡ್.

ಏಜೆಂಟ್‌ಗೆ ಎರಡು ಪಾತ್ರ ಕೊಟ್ಟಿದ್ದೆವು. ಒಂದು ‘ಬರೆಯುವವ’, ಕೋಡ್ ಬರೆಯುತ್ತದೆ. ಇನ್ನೊಂದು ‘ನೋಡುವವ’, ಬರೆದದ್ದನ್ನು ಓದಿ ತಪ್ಪು ಹೇಳುತ್ತದೆ, ಯಾವ ಫೈಲನ್ನೂ ಮುಟ್ಟುವುದಿಲ್ಲ. ಮೊದಲು ಒಂದು ಎಡಿಟರ್‌ನಲ್ಲಿ ಇದನ್ನು ಚೆನ್ನಾಗಿ ಹೊಂದಿಸಿದೆವು. ಆಮೇಲೆ ಪಾತ್ರದ ವಿವರಣೆಯನ್ನು ನಕಲು ಮಾಡಿ ಉಳಿದ ಮೂರು ಕಡೆಗೂ ಹಾಕಿದೆವು. ತಪ್ಪಾಗಿದ್ದು ಅಲ್ಲೇ.

ತೋಟದಲ್ಲಿ ಮಳೆಯನ್ನು ಇಂಚು, ಸೆಂಟ್‌ನಲ್ಲಿ ಹೇಳುತ್ತೇವೆ ಅಲ್ವಾ. 100 ಸೆಂಟ್ ಅಂದ್ರೆ ಒಂದು ಇಂಚು. ನಮ್ಮ ರೈಟರ್ (ತೋಟದ ಲೆಕ್ಕ ಬರೆಯುವವರು) ಪುಸ್ತಕದಲ್ಲಿ 1-20 ಅಂತ ಬರೆದರೆ ಒಂದು ಇಂಚು 20 ಸೆಂಟ್. 0-5 ಅಂತ ಬರೆದರೆ 5 ಸೆಂಟ್. ಆ್ಯಪ್‌ನಲ್ಲೂ ಹಾಗೇ ಇಟ್ಟಿದ್ದೆವು, ಹಿರಿಯರಿಗೆ ಅಭ್ಯಾಸ ಇರುವುದು ಅದೇ. ಒಂದು ದಿನ ‘ನೋಡುವವ’ ಆ ಸಾಲನ್ನು ನೋಡಿ, ಇದು ದಶಮಾಂಶ ಇರಬೇಕು, ಚುಕ್ಕಿಯ ಬದಲು ಅಡ್ಡಗೆರೆ ಬಿದ್ದಿದೆ ಅಂತ ತೀರ್ಮಾನ ಮಾಡಿತು. ತಪ್ಪು ಅಂತ ಹೇಳಿ ಸುಮ್ಮನಿದ್ದರೆ ನಾವು ನೋಡಿ ಬಿಡುತ್ತಿದ್ದೆವು. ಅದು ಫೈಲನ್ನೇ ತಿದ್ದಿಬಿಟ್ಟಿತು. ಬೇರೆ ನಲವತ್ತು ಬದಲಾವಣೆಗಳ ಜೊತೆ ಅದೂ ಸೇರಿ ಹೋಯಿತು, ಯಾರ ಕಣ್ಣಿಗೂ ಬೀಳಲಿಲ್ಲ.

0-5 ಈಗ 0.5 ಆಯಿತು. 5 ಸೆಂಟ್ ಅಂದ್ರೆ 1.27 ಮಿಲಿಮೀಟರ್. ಅರ್ಧ ಇಂಚು ಅಂದ್ರೆ 12.7 ಮಿಲಿಮೀಟರ್. ಹತ್ತು ಪಟ್ಟು.

ಇದು ಆಗಿದ್ದು ಹೂಮಳೆ ಕಾಯುವ ಸಮಯದಲ್ಲಿ. ರೋಬಸ್ಟಾ ಬೆಳೆಯುವವರಿಗೆ ಗೊತ್ತು, ಫೆಬ್ರವರಿ, ಮಾರ್ಚ್‌ನಲ್ಲಿ ಸುಮಾರು ಒಂದು ಇಂಚು ಮಳೆ ಬಂದರೆ ಹೂ ಸರಿಯಾಗಿ ಅರಳುತ್ತದೆ. ಬರದಿದ್ದರೆ ಸ್ಪ್ರಿಂಕ್ಲರ್ ಎಳೆಯಬೇಕು. ಹನಿ ಮಳೆ ಬಂದು ನಿಂತರೆ ಇನ್ನೂ ಕಷ್ಟ. ನಮ್ಮ ದೊಡ್ಡಪ್ಪ ಬೆಳಿಗ್ಗೆ ಏಳು ಗಂಟೆಗೆ ಫೋನ್ ಮಾಡಿದರು. ‘ರೈನ್ ಗೇಜ್ ನಾನೇ ನೋಡಿದ್ದು. ಬಿದ್ದಿದ್ದೇ 5 ಸೆಂಟ್. ನಿನ್ನ ಆ್ಯಪ್ ಅರ್ಧ ಇಂಚು ಅಂತಿದೆಯಲ್ಲಾ ಮಗಾ, ನಾನು ಮೋಟಾರ್ ಹಾಕಬೇಕೋ ಬೇಡವೋ?’

ಅವರು ಗೇಜ್ ನೋಡಿದ್ದಕ್ಕೆ ಸರಿ ಹೋಯಿತು. ಆ್ಯಪನ್ನೇ ನಂಬಿ ಕೂತಿದ್ದರೆ?

ಯಾವ ಎಡಿಟರ್‌ನಲ್ಲಿ ಆಗಿದ್ದು ಅಂತ ಹೇಳುವುದಿಲ್ಲ. ತಪ್ಪು ಅದರದ್ದಲ್ಲ, ನಾವು ನಕಲು ಮಾಡಿದ ರೀತಿಯದ್ದು. ಮಾತು ನಕಲಾಯಿತು, ಕಟ್ಟುಪಾಡು ನಕಲಾಗಲಿಲ್ಲ. ಒಂದು ಎಡಿಟರ್‌ನಲ್ಲಿ ‘ಓದುವುದಕ್ಕೆ ಮಾತ್ರ’ ಅಂತ ಹಾಕಿದ ಬೀಗ, ವಿವರಣೆಯ ಜೊತೆ ಇನ್ನೊಂದಕ್ಕೆ ಬರುವುದಿಲ್ಲ. ಇದನ್ನು ನಾಲ್ಕೂ ಕಡೆ ಹೇಗೆ ಸರಿ ಮಾಡಿದ್ದೀರಿ, ನಿಮ್ಮ ಅನುಭವ ಹೇಳಿ.

ಪೊನ್ನಂಪೇಟೆ_ಕೊನೆಬೆಂಚು

ಅಣ್ಣಾ, ನಾನಿನ್ನೂ ಇಂಜಿನಿಯರಿಂಗ್ ಓದುತ್ತಿದ್ದೇನೆ. ಒಂದು ಸಂಶಯ. ಏಜೆಂಟ್ ಯಾವಾಗಲೂ ಓದುವ ಸೂಚನೆಗಳ ಫೈಲ್ ಇದೆಯಲ್ಲ, ರೂಲ್ಸ್ ಫೈಲ್, ಅದೂ ನೀವು ಹೇಳುವ ಪಾತ್ರವೂ ಒಂದೇ ಅಲ್ವಾ? ನಾನು ರೂಲ್ಸ್ ಫೈಲ್‌ನಲ್ಲೇ ‘ನೀನು 20 ವರ್ಷ ಅನುಭವ ಇರುವ ಇಂಜಿನಿಯರ್’ ಅಂತ ಬರೆದುಕೊಂಡಿದ್ದೇನೆ.

ವಿರಾಜಪೇಟೆ_ಕರಿಮೆಣಸು

ನಾನೇ ಆ ಟರ್ಮಿನಲ್ ಗೆಳತಿ. ತಮ್ಮಾ, ನಿನ್ನ ಪ್ರಶ್ನೆ ಒಳ್ಳೆಯದು, ಮೊದಲು ಇದು ತಿಳಿಯಾಗಬೇಕು.

ತೋಟ ನೋಡು. ‘ಕಾಡುಮರದ ನೆರಳು ಪೂರ್ತಿ ತೆಗೆಯಬಾರದು, ಕೊಯ್ಲಿನಲ್ಲಿ ಹಸಿರು ಕಾಯಿ ಬರಬಾರದು’, ಇದು ತೋಟಕ್ಕೆ ಬಂದ ಎಲ್ಲರಿಗೂ ಇರುವ ಮಾತು. ಅದು ರೂಲ್ಸ್. ರೈಟರ್ ಪುಸ್ತಕ ಬರೆಯುತ್ತಾರೆ, ತೂಕ ನೋಡುತ್ತಾರೆ. ಮೇಸ್ತ್ರಿ ಕೆಲಸ ಹಂಚುತ್ತಾರೆ. ಇವು ಪಾತ್ರಗಳು. ಮೇಸ್ತ್ರಿ ಕೈಗೆ ಕಚೇರಿ ಬೀರುವಿನ ಕೀಲಿ ಇರುವುದಿಲ್ಲ.

ಕ್ಲಾಡ್ ಕೋಡ್‌ನಲ್ಲಿ ಎಲ್ಲರಿಗೂ ಇರುವ ಮಾತು ಕ್ಲಾಡ್ ಡಾಟ್ ಎಂಡಿ ಫೈಲ್‌ನಲ್ಲಿ ಇರುತ್ತದೆ. ಪಾತ್ರಗಳು ಡಾಟ್ ಕ್ಲಾಡ್ ಫೋಲ್ಡರ್ ಒಳಗಿನ ಏಜೆಂಟ್ಸ್ ಫೋಲ್ಡರ್‌ನಲ್ಲಿ, ಒಂದೊಂದಕ್ಕೆ ಒಂದು ಫೈಲ್. ಫೈಲ್‌ನ ತಲೆಯಲ್ಲಿ ಹೆಸರು, ಯಾವಾಗ ಕರೆಯಬೇಕು ಅನ್ನುವ ವಿವರ, ಯಾವ ಟೂಲ್‌ಗಳು (ಓದುವುದು, ತಿದ್ದುವುದು, ಹೀಗೆ ಏನೇನು ಮಾಡಬಹುದು ಅಂತ), ಯಾವ ಮಾಡೆಲ್. ಕೆಳಗೆ ಅದಕ್ಕೆ ಹೇಳುವ ಮಾತು. ಆ ಪಾತ್ರ ತನ್ನದೇ ಬೇರೆ ಕಾಂಟೆಕ್ಸ್ಟ್‌ನಲ್ಲಿ, ಅಂದ್ರೆ ಬೇರೆಯದೇ ಮಾತುಕತೆಯಲ್ಲಿ, ಕೆಲಸ ಮಾಡುತ್ತದೆ, ನಮ್ಮ ಮುಖ್ಯ ಮಾತುಕತೆ ಗೋಜಲಾಗುವುದಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ. ಟೂಲ್‌ಗಳ ಸಾಲನ್ನೇ ಬರೆಯದೆ ಬಿಟ್ಟರೆ, ಪಾತ್ರಕ್ಕೆ ಎಲ್ಲಾ ಟೂಲ್‌ಗಳೂ ಸಿಗುತ್ತವೆ. ಖಾಲಿ ಬಿಟ್ಟರೆ ಏನೂ ಸಿಗುವುದಿಲ್ಲ ಅಂತ ಅಂದುಕೊಳ್ಳಬೇಡ. ಉಲ್ಟಾ. ಅದಕ್ಕೇ ‘ನೋಡುವವ’ನಿಗೆ ರೀಡ್, ಗ್ರೆಪ್, ಗ್ಲಾಬ್ ಅಂತ ಓದುವ, ಹುಡುಕುವ ಮೂರನ್ನೇ ಎಣಿಸಿ ಬರೆಯಬೇಕು. ಟರ್ಮಿನಲ್ ಕಮಾಂಡ್ ಓಡಿಸುವ ಬ್ಯಾಶ್ ಕೂಡ ಕೊಡಬೇಡಿ. ಎಡಿಟ್ ಟೂಲ್ ಕಿತ್ತುಕೊಂಡು ಬ್ಯಾಶ್ ಕೊಟ್ಟರೆ, ಅದು ಒಂದು ಕಮಾಂಡ್‌ನಲ್ಲಿ ಫೈಲ್ ತಿದ್ದಿಬಿಡಬಹುದು. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲು ತೆಗೆದಿಟ್ಟ ಹಾಗೆ.

ಇನ್ನು ‘20 ವರ್ಷ ಅನುಭವ’. ಅದರಿಂದ ಮಾತಿನ ಧಾಟಿ ಬದಲಾಗಬಹುದು. ಸೆಂಟ್ ಅಂದ್ರೆ ಏನು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಆ ಒಂದು ಸಾಲಿನ ಜಾಗದಲ್ಲಿ ‘ಮಳೆ ಕೋಷ್ಟಕದಲ್ಲಿ ಅಡ್ಡಗೆರೆಯ ಎಡಕ್ಕೆ ಇಂಚು, ಬಲಕ್ಕೆ ಸೆಂಟ್’ ಅಂತ ಬರೆದರೆ ಎಷ್ಟೋ ಪಾಲು ಮೇಲು.

ಕುಶಾಲನಗರ_ಹೊಳೆಬದಿ

ವಿಎಸ್ ಕೋಡ್ ಕಡೆಯಿಂದ ನಾನು ಹೇಳುತ್ತೇನೆ. ಎಲ್ಲರಿಗೂ ಇರುವ ಮಾತು ಡಾಟ್ ಗಿಟ್‌ಹಬ್ ಫೋಲ್ಡರ್‌ನಲ್ಲಿರುವ ಕೋಪೈಲಟ್ ಇನ್‌ಸ್ಟ್ರಕ್ಷನ್ಸ್ ಫೈಲ್. ಬರೀ ಕೆಲವು ಫೈಲ್‌ಗಳಿಗೆ ಬೇಕಾದ ಮಾತು ಅದೇ ಫೋಲ್ಡರ್ ಒಳಗಿನ ಇನ್‌ಸ್ಟ್ರಕ್ಷನ್ಸ್ ಫೋಲ್ಡರ್‌ನಲ್ಲಿ, ‘ಅಪ್ಲೈ ಟು’ ಅನ್ನುವ ಸಾಲಿನ ಜೊತೆ. ಪಾತ್ರಗಳಿಗೆ ಮೊದಲು ‘ಚಾಟ್ ಮೋಡ್’ ಅಂತಿದ್ದರು. 2025ರ ಕೊನೆಯಲ್ಲಿ ಅದು ‘ಕಸ್ಟಮ್ ಏಜೆಂಟ್’ ಆಯಿತು, ಫೋಲ್ಡರ್ ಹೆಸರೂ ಏಜೆಂಟ್ಸ್ ಆಯಿತು. ಹಳೆಯ ಪಾಠ ನೋಡಿ ಮಾಡುವವರು ಇದನ್ನು ಗಮನಿಸಿ.

ಅಲ್ಲಿನ ಪಾತ್ರದ ಫೈಲ್‌ನಲ್ಲೂ ಟೂಲ್‌ಗಳ ಸಾಲು ಇದೆ. ಆದರೆ ಟೂಲ್‌ಗಳ ಹೆಸರು ಬೇರೆ. ಪಟ್ಟಿಯಲ್ಲಿ ಬರೆದ ಟೂಲ್ ಇಲ್ಲದಿದ್ದರೆ ಅದನ್ನು ಬಿಟ್ಟು ಮುಂದೆ ಹೋಗುತ್ತದೆ, ಜಗಳ ಮಾಡುವುದಿಲ್ಲ. ಹಾಗಾಗಿ ವಿರಾಜಪೇಟೆ ಅಕ್ಕನ ಫೈಲನ್ನು ಹಾಗೇ ತಂದು ಹಾಕಿದರೆ ಎಲ್ಲ ಸರಿ ಇದೆ ಅಂತ ಕಾಣಬಹುದು, ಆಗಿರುವುದೇ ಬೇರೆ ಇರಬಹುದು.

ಗೋಣಿಕೊಪ್ಪ_ಟರ್ಮಿನಲ್

ಕರ್ಸರ್‌ದು ಇನ್ನೊಂದು ಬಗೆ. ಮೊದಲು ಒಂದೇ ಒಂದು ಕರ್ಸರ್ ರೂಲ್ಸ್ ಫೈಲ್ ಇತ್ತು. ಈಗ ಡಾಟ್ ಕರ್ಸರ್ ಫೋಲ್ಡರ್ ಒಳಗೆ ರೂಲ್ಸ್ ಫೋಲ್ಡರ್, ಅದರಲ್ಲಿ ಎಂಡಿಸಿ ಫೈಲ್‌ಗಳು. ಪ್ರತಿ ರೂಲ್ ಯಾವಾಗ ಓಡಬೇಕು ಅಂತ ನಾವೇ ಹೇಳಬಹುದು: ಯಾವಾಗಲೂ, ಇಂಥ ಫೈಲ್ ತೆರೆದಾಗ, ಏಜೆಂಟ್‌ಗೆ ಬೇಕೆನಿಸಿದಾಗ, ಅಥವಾ ನಾವು ಹೆಸರು ಹಿಡಿದು ಕರೆದಾಗ. ‘ನೋಡುವವ’ನನ್ನು ಹೆಸರು ಹಿಡಿದು ಕರೆಯುವ ರೂಲ್ ಆಗಿ ಇಟ್ಟಿದ್ದೇನೆ. ಆದರೆ ರೂಲ್ ಫೈಲ್‌ನಲ್ಲಿ ಟೂಲ್‌ಗೆ ಬೀಗ ಹಾಕುವ ಸಾಲು ಇಲ್ಲ. ಓದುವುದಕ್ಕೆ ಮಾತ್ರ ಬೇಕು ಅಂದ್ರೆ ಆಸ್ಕ್ ಮೋಡ್‌ಗೆ ಹೋಗಿ ಆ ರೂಲ್ ಕರೆಯುತ್ತೇನೆ. ಎರಡು ಹೆಜ್ಜೆ. ಮರೆತರೆ ಬೀಗ ಇಲ್ಲ.

ನಾಪೋಕ್ಲು_ಕಿತ್ತಳೆ

ಇಷ್ಟೆಲ್ಲಾ ಫೋಲ್ಡರ್ ಯಾಕೆ? ಈಗ ಏಜೆಂಟ್ಸ್ ಡಾಟ್ ಎಂಡಿ ಬಂದಿದೆಯಲ್ಲ. ಒಂದೇ ಸೂಚನೆ ಫೈಲ್, ಹೆಚ್ಚಿನ ಎಡಿಟರ್‌ಗಳು ಓದುತ್ತವೆ. 2025ರ ಡಿಸೆಂಬರ್‌ನಲ್ಲಿ ಅದು ಲಿನಕ್ಸ್ ಫೌಂಡೇಶನ್ ಅಡಿಯ ಏಜೆಂಟಿಕ್ ಎಐ ಫೌಂಡೇಶನ್‌ಗೆ ಸೇರಿತು, ಯಾವ ಒಂದು ಕಂಪನಿಯ ಸ್ವತ್ತೂ ಅಲ್ಲ. ನಾನು ಬೇರೆಲ್ಲ ಅಳಿಸಿ ಅದೊಂದನ್ನೇ ಇಟ್ಟುಕೊಂಡಿದ್ದೇನೆ.

ಸೋಮವಾರಪೇಟೆ_ಏಲಕ್ಕಿ

ಅಳಿಸಿದ್ದು ಒಳ್ಳೆಯದಾಯಿತು. ಅಳಿಸದೇ ಇದ್ದಿದ್ದಕ್ಕೆ ನನ್ನ ಕಡೆ ಏನಾಯಿತು ಕೇಳಿ.

ಝೆಡ್ ಈ ರೂಲ್ಸ್ ಫೈಲ್‌ಗಳನ್ನು ಒಂದು ಕ್ರಮದಲ್ಲಿ ಹುಡುಕುತ್ತದೆ. ಮೊದಲು ತನ್ನದೇ ಡಾಟ್ ರೂಲ್ಸ್. ಆಮೇಲೆ ಹಳೆಯ ಕರ್ಸರ್ ರೂಲ್ಸ್ ಫೈಲ್, ಹೀಗೇ ಮುಂದೆ. ಏಜೆಂಟ್ಸ್ ಡಾಟ್ ಎಂಡಿ ಬರುವುದು ಅವುಗಳ ನಂತರ. ಮೊದಲು ಸಿಕ್ಕ ಒಂದನ್ನು ಓದಿ ಅಲ್ಲಿಗೆ ನಿಲ್ಲಿಸುತ್ತದೆ. ಎಲ್ಲವನ್ನೂ ಸೇರಿಸುವುದಿಲ್ಲ.

ನಮ್ಮ ರೆಪೊದಲ್ಲಿ (ಕೋಡ್ ಇಡುವ ಫೋಲ್ಡರ್) ಯಾವತ್ತೋ ಬರೆದ ಹಳೆಯ ಕರ್ಸರ್ ರೂಲ್ಸ್ ಫೈಲ್ ಮೂಲೆಯಲ್ಲಿ ಬಿದ್ದಿತ್ತು. ಅದರಲ್ಲಿ ಮೂರೇ ಸಾಲು. ಏಜೆಂಟ್ಸ್ ಡಾಟ್ ಎಂಡಿಯಲ್ಲಿ ನಾವು ಕಷ್ಟಪಟ್ಟು ಬರೆದ ಎರಡು ಪುಟ ನನ್ನ ಎಡಿಟರ್‌ಗೆ ಹದಿನೈದು ದಿನ ತಲುಪಿಯೇ ಇರಲಿಲ್ಲ. ಏಜೆಂಟ್ ಮಾತು ಕೇಳುತ್ತಿಲ್ಲ ಅಂತ ನಾನು ಮತ್ತೆ ಮತ್ತೆ ಫೈಲ್ ತಿದ್ದುತ್ತಿದ್ದೆ. ಚುಕ್ಕಿಯಿಂದ ಶುರುವಾಗುವ ಫೈಲ್, ಫೋಲ್ಡರ್ ತೆರೆದರೂ ಎಲ್ಲ ಕಡೆ ಕಾಣುವುದಿಲ್ಲ. ಎಲ್ಲರೂ ಒಂದು ಸಲ ನಿಮ್ಮ ರೆಪೊದಲ್ಲಿ ಅಡಗಿರುವ ಫೈಲ್‌ಗಳನ್ನು ತೆಗೆದು ನೋಡಿ.

ಪಾತ್ರದ ವಿಷಯಕ್ಕೆ ಬಂದರೆ, ಝೆಡ್‌ನಲ್ಲಿ ರೈಟ್, ಆಸ್ಕ್, ಮಿನಿಮಲ್ ಅಂತ ಪ್ರೊಫೈಲ್‌ಗಳಿವೆ. ಯಾವ ಟೂಲ್ ಇರಬೇಕು ಅಂತ ಆರಿಸಿ ನಮ್ಮದೇ ಪ್ರೊಫೈಲ್ ಮಾಡಬಹುದು. ಆದರೆ ಅದು ಸೆಟ್ಟಿಂಗ್ಸ್‌ನಲ್ಲಿ ಇರುತ್ತದೆ, ರೂಲ್ಸ್ ಫೈಲ್‌ನಲ್ಲಲ್ಲ. ಕಿತ್ತಳೆಯವರೇ, ನಿಮ್ಮ ಒಂದೇ ಫೈಲ್‌ನಿಂದ ಮಾತು ಹೆಚ್ಚಿನ ಕಡೆ ಹೋಗುತ್ತದೆ, ಒಪ್ಪುತ್ತೇನೆ. ಬೀಗ ಹೋಗುವುದಿಲ್ಲ.

ನಾಪೋಕ್ಲು_ಕಿತ್ತಳೆ

ಹೌದು, ಅದು ನನಗೆ ಹೊಳೆದಿರಲಿಲ್ಲ. ನಾನು ಒಬ್ಬನೇ ಕೆಲಸ ಮಾಡುವುದರಿಂದ ತೊಂದರೆ ಆಗಿಲ್ಲ ಅಷ್ಟೇ.

ವಿರಾಜಪೇಟೆ_ಕರಿಮೆಣಸು

ಇನ್ನೊಂದು ಮಾತು. ಕ್ಲಾಡ್ ಕೋಡ್ ಓದುವುದು ಕ್ಲಾಡ್ ಡಾಟ್ ಎಂಡಿಯನ್ನು. ಅದಕ್ಕೆ ನಾನು ಆ ಫೈಲ್‌ನಲ್ಲಿ ಒಂದೇ ಸಾಲು ಇಟ್ಟಿದ್ದೇನೆ: ಆ್ಯಟ್ ಗುರುತು, ಅದಕ್ಕೆ ಅಂಟಿ ಏಜೆಂಟ್ಸ್ ಡಾಟ್ ಎಂಡಿ ಹೆಸರು. ಅಷ್ಟು ಬರೆದರೆ ಆ ಫೈಲನ್ನು ಒಳಗೆ ಎಳೆದುಕೊಳ್ಳುತ್ತದೆ. ಜೆಮಿನಿ ಸಿಎಲ್‌ಐ ಬಳಸುವವರಿಗೆ, ಯಾವ ಹೆಸರಿನ ಫೈಲ್ ಓದಬೇಕು ಅಂತ ಅದರ ಸೆಟ್ಟಿಂಗ್ಸ್‌ನಲ್ಲೇ ಬದಲಾಯಿಸಬಹುದು.

ಮಡಿಕೇರಿ_ಮಂಜುಹಾದಿ

ಸಿಮ್‌ಲಿಂಕ್ ಮಾಡಿದರೆ ಮುಗಿಯಿತಲ್ಲ? ಒಂದು ಫೈಲ್, ಬೇರೆ ಹೆಸರುಗಳು ಅದರ ಕಡೆ ಬೊಟ್ಟು ಮಾಡುತ್ತವೆ.

ಕುಶಾಲನಗರ_ಹೊಳೆಬದಿ

ಮ್ಯಾಕ್, ಲಿನಕ್ಸ್‌ನಲ್ಲಿ ಸರಿ. ನನ್ನದು ವಿಂಡೋಸ್. ಅಲ್ಲಿ ಡೆವಲಪರ್ ಮೋಡ್ ಆನ್ ಆಗಿಲ್ಲದಿದ್ದರೆ, ಗಿಟ್‌ನಲ್ಲಿ ಸಿಮ್‌ಲಿಂಕ್ ಸೆಟ್ಟಿಂಗ್ ಇಲ್ಲದಿದ್ದರೆ, ಲಿಂಕ್ ಬದಲು ಒಂದು ಮಾಮೂಲಿ ಫೈಲ್ ಬರುತ್ತದೆ. ತೆರೆದು ನೋಡಿದರೆ ಒಳಗೆ ಏನಿರುತ್ತದೆ ಗೊತ್ತಾ? ಬರೀ ಇನ್ನೊಂದು ಫೈಲ್‌ನ ಹೆಸರು. ಏಜೆಂಟ್ ಅದನ್ನೇ ‘ಸೂಚನೆ’ ಅಂತ ಓದಿಕೊಂಡು ಮುಂದೆ ಹೋಗುತ್ತದೆ. ಎರರ್ ಇಲ್ಲ, ಎಚ್ಚರಿಕೆ ಇಲ್ಲ.

ಅದಕ್ಕೆ ನಾವು ಸಿಮ್‌ಲಿಂಕ್ ಬಿಟ್ಟೆವು. ಪಾತ್ರಗಳು ಅಂತ ಒಂದು ಫೋಲ್ಡರ್, ಅದರಲ್ಲಿ ಒಂದೊಂದು ಪಾತ್ರಕ್ಕೆ ಒಂದು ಮೂಲ ಫೈಲ್. ಒಂದು ಚಿಕ್ಕ ಸ್ಕ್ರಿಪ್ಟ್ ಅದನ್ನು ಓದಿ, ಪ್ರತಿ ಎಡಿಟರ್‌ಗೆ ಬೇಕಾದ ತಲೆ ಸೇರಿಸಿ, ಅದರದರ ಫೋಲ್ಡರ್‌ಗೆ ಬರೆಯುತ್ತದೆ. ಟೂಲ್‌ಗಳ ಹೆಸರು ಹೊಂದಿಸುವುದೂ ಅಲ್ಲೇ: ನಮ್ಮ ಮೂಲದಲ್ಲಿ ‘ಓದು’ ಅಂತ ಇದ್ದರೆ ಅಲ್ಲಿ ರೀಡ್, ಇಲ್ಲಿ ಬೇರೆ. ಹಾಗೆ ಬಂದ ಫೈಲ್‌ಗಳಲ್ಲಿ ತಲೆಯ ಕೆಳಗಿನ ಮೊದಲ ಸಾಲು ‘ಇದನ್ನು ಕೈಯಲ್ಲಿ ತಿದ್ದಬೇಡಿ, ಪಾತ್ರಗಳು ಫೋಲ್ಡರ್‌ನಲ್ಲಿ ತಿದ್ದಿ’. ಯಾರಾದರೂ ಕೈಯಲ್ಲಿ ತಿದ್ದಿ ಕಳಿಸಿದರೆ ಪುಲ್ ರಿಕ್ವೆಸ್ಟ್‌ನಲ್ಲೇ, ಅಂದ್ರೆ ಬದಲಾವಣೆ ಸೇರಿಸಲು ಕೇಳುವ ಹಂತದಲ್ಲೇ, ತಡೆಯುತ್ತದೆ. ಬರೆಯಲು ಒಂದು ಸಂಜೆ ಸಾಕಾಯಿತು.

ಪೊನ್ನಂಪೇಟೆ_ಕೊನೆಬೆಂಚು

ಅಣ್ಣಾ, ಆ ಮೂಲ ಫೈಲ್ ಕನ್ನಡದಲ್ಲಿ ಬರೆದಿದ್ದೀರಾ, ಇಂಗ್ಲಿಷ್‌ನಲ್ಲಾ?

ಗೋಣಿಕೊಪ್ಪ_ಟರ್ಮಿನಲ್

ಎರಡೂ. ಕೆಲಸದ ಕ್ರಮ ಇಂಗ್ಲಿಷ್‌ನಲ್ಲಿ, ತೋಟದ ಪದಗಳ ಪಟ್ಟಿ ಕನ್ನಡದಲ್ಲಿ. ಅದೇ ಮಾತಿಗೆ ಕನ್ನಡದಲ್ಲಿ ಟೋಕನ್ (ಮಾಡೆಲ್ ಓದುವಾಗ ಮಾತನ್ನು ಒಡೆಯುವ ತುಣುಕು) ಜಾಸ್ತಿ ಹೋಗುತ್ತವೆ, ಯಾವಾಗಲೂ ಓದುವ ಫೈಲ್‌ನಲ್ಲಿ ಅದು ಲೆಕ್ಕಕ್ಕೆ ಬರುತ್ತದೆ. ಆದರೆ ತೋಟದ ಪದಕ್ಕೆ ಇಂಗ್ಲಿಷ್ ಹುಡುಕಲು ಹೋದರೆ ಅರ್ಥವೇ ಕೈತಪ್ಪುತ್ತದೆ. ನಮ್ಮ ಪಟ್ಟಿಯಿಂದ ಸ್ವಲ್ಪ ಇಲ್ಲಿ ಹಾಕುತ್ತೇನೆ:

‘ಸೆಂಟ್: ಮಳೆ ಕೋಷ್ಟಕದಲ್ಲಿ ಇಂಚಿನ ನೂರನೇ ಒಂದು ಪಾಲು, 0.254 ಮಿಲಿಮೀಟರ್. ಜಮೀನು ಕೋಷ್ಟಕದಲ್ಲಿ ಎಕರೆಯ ನೂರನೇ ಒಂದು ಪಾಲು, 435.6 ಚದರ ಅಡಿ. ಹಣಕ್ಕೂ ಇದಕ್ಕೂ ಸಂಬಂಧ ಇಲ್ಲ.
ಮೂಟೆ: 50 ಕಿಲೋ.
ಓಟಿ: 50 ಕಿಲೋ ಚೆರಿ ಮೂಟೆಯಿಂದ ಸಿಗುವ ಕಾಫಿ ಬೇಳೆಯ ತೂಕ, ಕಿಲೋದಲ್ಲಿ. ಇದು ಶೇಕಡಾವಾರು ಅಲ್ಲ.
ಚೆರಿ ಎರಡು ಬಗೆ: ಗಿಡದಿಂದ ಕೊಯ್ದ ಹಣ್ಣು, ಕಣದಲ್ಲಿ ಒಣಗಿದ ಕಾಯಿ. ಯಾವುದು ಅಂತ ಗೊತ್ತಾಗದಿದ್ದರೆ ಊಹಿಸಬೇಡ, ಕೇಳು.’

ಮಳೆಗೂ ಜಮೀನಿಗೂ ಒಂದೇ ಪದ ನೋಡಿ. ನಮಗೆ ಸಂದರ್ಭದಲ್ಲೇ ತಿಳಿಯುತ್ತದೆ. ಏಜೆಂಟ್‌ಗೆ ಯಾರು ಹೇಳಬೇಕು? ನಾವೇ. ಈ ಪಟ್ಟಿ ಬರೆಯಲು ನಾನು ದೊಡ್ಡಪ್ಪನ ಜೊತೆ ಒಂದು ಮಧ್ಯಾಹ್ನ ಕೂತೆ. ಓಟಿ ಬಗ್ಗೆ ಅವರು ಹೇಳಿದ್ದನ್ನು ಕೇಳಿದ ಮೇಲೆ ನಮ್ಮ ಕೋಡ್‌ನಲ್ಲಿ ಇನ್ನೊಂದು ತಪ್ಪು ಸಿಕ್ಕಿತು. 26 ಅನ್ನುವುದನ್ನು ಎರಡು ಕಡೆ ಶೇಕಡಾ ಅಂತ ಲೆಕ್ಕ ಹಾಕಿದ್ದೆವು. ಅಂದ್ರೆ ಮೂಟೆಗೆ 26 ಕಿಲೋ ಬೇಳೆ ಬರುವ ಕಡೆ 13 ಕಿಲೋ ತೋರಿಸುತ್ತಿತ್ತು. ಬೆಳೆಗಾರನ ಬೆಳೆಯಲ್ಲಿ ಅರ್ಧ ಪಾಲು!

ಮಡಿಕೇರಿ_ಮಂಜುಹಾದಿ

ಈ ಪಟ್ಟಿ ನನಗೂ ಬೇಕು. ಮಳೆಗಾಲದಲ್ಲಿ ನಮ್ಮಲ್ಲಿ ದಿನಗಟ್ಟಲೆ ನೆಟ್ ಇರುವುದಿಲ್ಲ, ಆಗ ಒಲಾಮಾ ಹಾಕಿ ನನ್ನ ಕಂಪ್ಯೂಟರ್‌ನಲ್ಲೇ ಚಿಕ್ಕ ಮಾಡೆಲ್ ಓಡಿಸುತ್ತೇನೆ. ಅದಕ್ಕೆ ಉದ್ದದ ಪಾತ್ರ ಕೊಟ್ಟರೆ ಅರ್ಧಕ್ಕೆ ಮರೆಯುತ್ತದೆ. ಹತ್ತು ಸಾಲಿಗೆ ಇಳಿಸಿದ ಮೇಲೆ ಮಾತು ಕೇಳುತ್ತಿದೆ.

ನಾಪೋಕ್ಲು_ಕಿತ್ತಳೆ

ಒಂದು ಎಚ್ಚರಿಕೆ. ಸಿದ್ಧ ಪಾತ್ರಗಳ ಫೈಲ್ ನೆಟ್‌ನಲ್ಲಿ ರಾಶಿ ರಾಶಿ ಸಿಗುತ್ತವೆ. ಹಾಗೇ ತಂದು ಹಾಕಬೇಡಿ. ಕಣ್ಣಿಗೆ ಕಾಣದ ಯುನಿಕೋಡ್ ಅಕ್ಷರಗಳಲ್ಲಿ ಅದರೊಳಗೆ ಬೇರೆ ಸೂಚನೆ ಅಡಗಿಸಿಡಬಹುದು. ನಮಗೆ ಖಾಲಿ ಕಾಣುವ ಜಾಗವನ್ನು ಮಾಡೆಲ್ ಓದುತ್ತದೆ. ರೂಲ್ಸ್ ಫೈಲ್‌ಗೂ ಕೋಡ್‌ಗೆ ಮಾಡುವಷ್ಟೇ ರಿವ್ಯೂ ಮಾಡಿ. ಕನ್ನಡದಲ್ಲಿ ಬರೆಯುವವರು ಇನ್ನೊಂದು ನೆನಪಿಡಿ. ನಮ್ಮ ಲಿಪಿಗೆ ಕೆಲವು ಕಡೆ ಕಾಣದ ಜೋಡಣೆ ಅಕ್ಷರ ಬೇಕೇ ಬೇಕು, ಹಾಗಾಗಿ ಕಾಣದ್ದನ್ನೆಲ್ಲ ಕಣ್ಣು ಮುಚ್ಚಿ ಅಳಿಸುವ ಸ್ಕ್ರಿಪ್ಟ್ ಹಾಕಿದರೆ ಕನ್ನಡ ಕೆಡುತ್ತದೆ. ಯಾವುದನ್ನು ಬಿಡಬೇಕು ಅಂತ ಪಟ್ಟಿ ಮಾಡಿ ಉಳಿದದ್ದನ್ನು ತಡೆಯಿರಿ.

ವಿರಾಜಪೇಟೆ_ಕರಿಮೆಣಸು

ಬೀಗ ನಿಜವಾಗಿ ಬಿದ್ದಿದೆಯಾ ಅಂತ ನೋಡಲು ನಾನು ಮಾಡುವುದು ಹೀಗೆ. ಪ್ರತಿ ಎಡಿಟರ್‌ನಲ್ಲೂ ‘ನೋಡುವವ’ನನ್ನು ಕರೆದು ‘ಈ ಫೈಲ್‌ನ ಮೊದಲ ಸಾಲು ಅಳಿಸು’ ಅನ್ನುತ್ತೇನೆ. ಅದು ‘ನನಗೆ ಆ ಅಧಿಕಾರ ಇಲ್ಲ’ ಅಂದರೂ ನಂಬುವುದಿಲ್ಲ. ಯಾವ ಫೈಲ್ ಬದಲಾಗಿದೆ ಅಂತ ತೋರಿಸುವ ಗಿಟ್ ಸ್ಟೇಟಸ್ ನೋಡುತ್ತೇನೆ. ಅಲ್ಲಿ ಏನೂ ಬದಲಾಗದಿದ್ದರೆ ಮಾತ್ರ ಸರಿ. ಆಮೇಲೆ ಇನ್ನೊಂದು ಸಲ, ‘ಟರ್ಮಿನಲ್‌ನಿಂದ ಅಳಿಸು’ ಅಂತ ಕೇಳುತ್ತೇನೆ. ಎಡಿಟರ್ ಅಪ್ಡೇಟ್ ಆದಾಗಲೆಲ್ಲ ಇದನ್ನು ಮತ್ತೆ ಮಾಡುತ್ತೇನೆ.

ಕ್ಲಾಡ್ ಕೋಡ್‌ನ ಸೆಟ್ಟಿಂಗ್ಸ್ ಫೈಲ್‌ನಲ್ಲಿ ‘ಡಿನೈ’ ಪಟ್ಟಿ ಬೇರೆ ಇದೆ, ಅದರಲ್ಲಿ ಪಾಸ್‌ವರ್ಡ್ ಇರುವ ಫೈಲ್‌ಗಳನ್ನು ಹಾಕಿದ್ದೇನೆ. ಎಲ್ಲಕ್ಕಿಂತ ಕೊನೆಯ ತಡೆ ಮುಖ್ಯ ಬ್ರಾಂಚ್‌ಗೆ. ಮನುಷ್ಯರೊಬ್ಬರು ನೋಡದೆ ಅಲ್ಲಿಗೆ ಏನೂ ಸೇರುವುದಿಲ್ಲ.

ಪೊನ್ನಂಪೇಟೆ_ಕೊನೆಬೆಂಚು

ಅಕ್ಕಾ, ಈಗ ತಾನೇ ನನ್ನ ಪ್ರಾಜೆಕ್ಟ್‌ನಲ್ಲಿ ಮಾಡಿ ನೋಡಿದೆ. ಮೊದಲ ಸಾಲು ಅಳಿಸಿ ಹೋಯಿತು. ‘20 ವರ್ಷ ಅನುಭವ’ ತೆಗೆದು ಟೂಲ್ ಪಟ್ಟಿ ಹಾಕುತ್ತಿದ್ದೇನೆ.

ಗೋಣಿಕೊಪ್ಪ_ಟರ್ಮಿನಲ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೂರು ದಿನ ಬಿಟ್ಟು ಬರೆಯುತ್ತಿದ್ದೇನೆ. ಹಳೆಯ ಕರ್ಸರ್ ರೂಲ್ಸ್ ಫೈಲ್ ಅಳಿಸಿದೆವು. ಹೊಳೆಬದಿಯವರ ಸ್ಕ್ರಿಪ್ಟ್ ಈಗ ನಾಲ್ಕೂ ಎಡಿಟರ್‌ಗೆ ಪಾತ್ರ ಬರೆಯುತ್ತಿದೆ. ಕರಿಮೆಣಸು ಹೇಳಿದ ಪರೀಕ್ಷೆ ನಾಲ್ಕು ಕಡೆ ಮಾಡಿದೆವು. ಮೂರರಲ್ಲಿ ಮೊದಲ ಸಲವೇ ಪಾಸ್. ನನ್ನದರಲ್ಲಿ ನಾನು ಆಸ್ಕ್ ಮೋಡ್‌ಗೆ ಹೋಗದೆ ಕರೆದಿದ್ದೆ, ಫೈಲ್ ಬದಲಾಯಿತು. ಆ ಹೆಜ್ಜೆಯನ್ನು ಈಗ ಪಾತ್ರದ ಮೂಲ ಫೈಲ್‌ನಲ್ಲೇ, ಏಜೆಂಟ್‌ಗಲ್ಲ, ನಮಗೇ ಅಂತ ಬರೆದಿದ್ದೇನೆ.

ಮಳೆಯ ಸಾಲಿಗೆ ಟೆಸ್ಟ್ ಕೂಡ ಸೇರಿಸಿದೆವು, ಮೊದಲೇ ಇರಬೇಕಿತ್ತು. 0-5 ಕೊಟ್ಟರೆ 1.27 ಬರಬೇಕು. 0-50 ಕೊಟ್ಟರೆ 12.7. 1-20 ಕೊಟ್ಟರೆ 30.48.

ನಿನ್ನೆ ಸಂಜೆ ತಿತಿಮತಿ ಕಡೆಯಿಂದ ಮೋಡ ಕಟ್ಟಿಕೊಂಡು ಬಂತು. ರಾತ್ರಿ ಒಳ್ಳೆಯ ಮಳೆ. ಬೆಳಿಗ್ಗೆ ದೊಡ್ಡಪ್ಪ ಗೇಜ್ ನೋಡಿ ತಾವೇ ಆ್ಯಪ್‌ನಲ್ಲಿ 1-5 ಅಂತ ಹಾಕಿದರು. 26.67 ಮಿಲಿಮೀಟರ್ ಅಂತ ಬಂತು. ಫೋಟೋ ತೆಗೆದು ಕಳಿಸಿದ್ದಾರೆ, ಪಕ್ಕದಲ್ಲಿ ರೈಟರ್ ಪುಸ್ತಕ ಇಟ್ಟುಕೊಂಡು. ಸ್ಪ್ರಿಂಕ್ಲರ್ ಪೈಪ್‌ಗಳನ್ನು ಶೆಡ್‌ಗೆ ಹಾಕಿಸುತ್ತಿದ್ದಾರಂತೆ.